ಬರೆಯಬಾರದ ಹದಿನೈದು ನಿಮಿಷ

ಸಿಎ ಫೈನಲ್ ಪರೀಕ್ಷೆ ಶುರುವಾಗುವುದು ಮಧ್ಯಾಹ್ನ 2ಕ್ಕೆ. ಪ್ರಶ್ನೆಪತ್ರಿಕೆ ಸಿಗುವುದು 1.45ಕ್ಕೆ. ನಡುವಿನ 15 ನಿಮಿಷ ಓದಬಹುದು, ಉತ್ತರ ಬರೆಯುವಂತಿಲ್ಲ. ಈ ಹೊತ್ತಿನ ಬಳಕೆ ಮೇಲ್ನೋಟಕ್ಕೆ ಬರೀ ಜಾಣತನದ ವಿಷಯ. ನನ್ನ ಮಟ್ಟಿಗೆ ಅದು ಗೀತೆಯ ಎರಡನೇ ಅಧ್ಯಾಯದ ವಿಷಯವೂ ಹೌದು. ಫಲದ ಮೇಲೆ ನಿನಗೆ ಅಧಿಕಾರವಿಲ್ಲ ಎಂಬ ಬೋಧೆಯನ್ನು ನಾನು ಗಮನದ ಶಿಸ್ತೆಂದು ಓದುತ್ತೇನೆ. ಮನಸ್ಸು ಏಕಕಾಲಕ್ಕೆ ಹಿಡಿದಿಡಬಲ್ಲದ್ದು ತೀರಾ ಕಡಿಮೆ. ಮನಶ್ಶಾಸ್ತ್ರಜ್ಞ ನೆಲ್ಸನ್ ಕೋವನ್ 2001ರಲ್ಲಿ ಅದನ್ನು ಸುಮಾರು 4 ಅಂಶಗಳೆಂದು ಅಂದಾಜಿಸಿದರು. ಅದರಲ್ಲೊಂದು ಜಾಗವನ್ನು ಫಲಿತಾಂಶದ ಚಿಂತೆ ಆಕ್ರಮಿಸಿದರೆ, ಅಂಗಸಂಸ್ಥೆಯ ಷೇರು ಕೊಂಡದ್ದು ಏಪ್ರಿಲ್ 1ರಂದಲ್ಲ, ಅಕ್ಟೋಬರ್ 1ರಂದು ಎಂಬ ಸಾಲು ಕಣ್ಣೆದುರೇ ತಪ್ಪಿಹೋಗುತ್ತದೆ. ವರ್ಷದ ಲಾಭವನ್ನು ಖರೀದಿಗೆ ಮುಂಚಿನದು, ನಂತರದ್ದು ಎಂದು ಒಡೆಯಬೇಕಿದ್ದ ಇಡೀ ಲೆಕ್ಕವೇ ಆಗ ಬುಡಮೇಲು.

ಅಂಕಕ್ಕೆಂದೇ ಬಂದವರಿಗೆ ಅಂಕ ಮರೆಯಿರಿ ಎನ್ನುವುದು ಆತ್ಮವಂಚನೆಯಲ್ಲವೇ? ಯಾವ ಪ್ರಶ್ನೆ ಬಿಡಬೇಕೆಂದು ತೀರ್ಮಾನಿಸಲಾದರೂ ಅಂಕ ನೋಡಲೇಬೇಕಲ್ಲ? ಆಕ್ಷೇಪ ನ್ಯಾಯವಾದದ್ದೇ. ಆದರೆ ಪ್ರಶ್ನೆಯ ಪಕ್ಕದಲ್ಲಿ ಅಚ್ಚಾಗಿರುವ ಅಂಕ ಕಣ್ಣಮುಂದಿನ ಸಂಗತಿ. ಅದಕ್ಕೆ ತಕ್ಕಂತೆ ಸಮಯ ಹಂಚುವುದು ಕರ್ಮದ್ದೇ ಭಾಗ. ಪಾಸಾಗುತ್ತೇನೋ ಇಲ್ಲವೋ ಎಂಬುದು ಇನ್ನೂ ಹುಟ್ಟದ ಸಂಗತಿ. ಗೀತೆ ಬಿಡಿಸುವುದು ಇದನ್ನು. ಅರ್ಜುನನಿಗೂ ಕೃಷ್ಣ ಯುದ್ಧ ಬಿಡು ಎನ್ನಲಿಲ್ಲ. ಕಷ್ಟದ ಪ್ರಶ್ನೆ ಮೊದಲೇ ಕಂಡರೆ ಧೈರ್ಯ ಕುಸಿಯುತ್ತದೆ ಎನ್ನುವವರೂ ಇದ್ದಾರೆ. ಕುಸಿಯಲಿ, ಪೆನ್ನು ಕೆಳಗಿರುವಾಗ ಬಂದ ಭಯಕ್ಕೆ ಇಳಿಯಲು ಸಮಯವಿರುತ್ತದೆ, ನಾಲ್ಕು ಗಂಟೆಗೆ ಬಂದದ್ದಕ್ಕೆ ಇರುವುದಿಲ್ಲ.