ಮಿಕ್ಕದ್ದನ್ನು ಕೂಡಿಸುವ ಕೈಗಳು

ಧ್ಯಾನಭಾಗ: ಯೋಹಾನನ ಸುವಾರ್ತೆ 6ನೇ ಅಧ್ಯಾಯ, 1ರಿಂದ 13ನೇ ವಚನಗಳು.



ಗಲಿಲಾಯ ಸಮುದ್ರದ ಬಳಿಯಲ್ಲಿ ಐದು ಸಾವಿರ ಗಂಡಸರುಳ್ಳ ಸಮೂಹವು ಉಂಡು ತೃಪ್ತಿಹೊಂದಿದ ವೃತ್ತಾಂತವನ್ನು ನೀವೆಲ್ಲರೂ ಬಲ್ಲಿರಿ. ಆದರೆ ಆ ಅದ್ಭುತದ ಕಡೇ ಭಾಗವನ್ನು ನಾವು ಬೇಗನೆ ದಾಟಿಬಿಡುತ್ತೇವೆ. ಊಟ ತೀರಿದ ಮೇಲೆ ಯಾವದೂ ವ್ಯರ್ಥವಾಗದ ಹಾಗೆ ಮಿಕ್ಕದ್ದನ್ನು ಒಟ್ಟುಗೂಡಿಸಲು ಕರ್ತನು ಶಿಷ್ಯರಿಗೆ ಅಪ್ಪಣೆಕೊಟ್ಟನು. ಐದು ರೊಟ್ಟಿಗಳಿಂದ ಇಷ್ಟು ಜನರನ್ನು ಪೋಷಿಸಿದಾತನಿಗೆ ರೊಟ್ಟಿಯ ಕೊರತೆಯಿತ್ತೋ? ಇಲ್ಲ. ಆದರೂ ತಂದೆಯ ದಾನವು ಕಾಲ್ತುಳಿತಕ್ಕೆ ಬೀಳುವದನ್ನು ಆತನು ಸಹಿಸಲಿಲ್ಲ. ಕೂಡಿಸಿದವರು ಯಾರು? ಮತ್ತಾಯನು ಬರೆದಿರುವ ಪ್ರಕಾರ ಜನರಿಗೆ ಹಂಚಿಕೊಟ್ಟವರು ಶಿಷ್ಯರೇ. ಹಂಚಿದ ಕೈಗಳೇ ಕೂಡಿಸುವ ಕೈಗಳೂ ಆದವು.

ಮಂಗಳೂರಿನಿಂದ ಕಾರವಾರದ ವರೆಗಿನ ಕರಾವಳಿಯಲ್ಲಿ ವಾಸಿಸುವ ನಾವು ಈ ಮಾತನ್ನು ಇಂದು ಕೇಳತಕ್ಕದ್ದು. ಮಳೆಗಾಲದಲ್ಲಿ ನಾವು ತೋಡಿಗೆ ಎಸೆದದ್ದನ್ನು ನೇತ್ರಾವತಿಯೂ ಸ್ವರ್ಣೆಯೂ ಶರಾವತಿಯೂ ಸಮುದ್ರಕ್ಕೆ ಒಯ್ಯುತ್ತವೆ. ಸಮುದ್ರವು ಅದನ್ನು ತನ್ನಲ್ಲಿಯೇ ಇಟ್ಟುಕೊಳ್ಳುವದಿಲ್ಲ; ತೆರೆಗಳ ಮೂಲಕ ಬಾಟಲಿ, ಚೀಲ, ಹರಿದ ನೈಲಾನ್ ಬಲೆಗಳನ್ನು ದಡಕ್ಕೆ ತಂದೊಪ್ಪಿಸುತ್ತದೆ. ಬಂಗುಡೆಗಾಗಿ ಬಲೆ ಬೀಸಿದ ನೆರೆಯವನು ಕಸವನ್ನು ಎಳೆದು ತರುತ್ತಾನೆ. ನೀರಲ್ಲಿ ತೇಲುವ ಚೀಲವನ್ನು ಲೋಳೆಮೀನೆಂದು ತಿಳಿದು ಕಡಲಾಮೆಯು ನುಂಗುತ್ತದೆ. ಸಮುದ್ರವೂ ಅದರಲ್ಲಿರುವದೆಲ್ಲವೂ ಯೆಹೋವನದೆಂದು ಭಾನುವಾರ ಹಾಡಿ, ಸೋಮವಾರ ಆತನ ಅಂಗಳದಲ್ಲಿ ಕಸ ಎಸೆಯುವದು ಯುಕ್ತವೋ?

ನಮ್ಮ ಹಿರಿಯರೂ ಎಸೆಯುತ್ತಿದ್ದರಲ್ಲಾ ಎಂದು ಕೆಲವರು ಹೇಳಬಹುದು. ಅದು ನಿಜವೇ. ಅವರು ಮೀನನ್ನು ಎಲೆಯಲ್ಲಿ ಕಟ್ಟಿ ತಂದರು, ಅಡಿಕೆಯ ಹಾಳೆಯನ್ನು ಬಳಸಿದರು, ಹತ್ತಿಯ ನೂಲಿನಿಂದ ಬಲೆ ಹೆಣೆದರು. ಅವರು ಎಸೆದದ್ದು ತೆಂಗಿನ ಬುಡದಲ್ಲಿ ಗೊಬ್ಬರವಾಯಿತು. ಅವರ ಕೈಯ ಅಭ್ಯಾಸ ನಮಗೆ ಬಂತು. ಕೈಯಲ್ಲಿರುವ ವಸ್ತುವಾದರೋ ಬೇರೆಯಾಯಿತು. ನಾವು ತೊಟ್ಟೆ ಎಂದು ಕರೆಯುವ ಚೀಲದ ಪಾಲಿಥೀನು 1933ರಲ್ಲಿ ಇಂಗ್ಲೆಂಡಿನ ಒಂದು ಪ್ರಯೋಗಶಾಲೆಯಲ್ಲಿ ದೊರೆತದ್ದು. ಮಣ್ಣು ಅದನ್ನು ತನ್ನದಾಗಿ ಮಾಡಿಕೊಳ್ಳದು. ಬಿಸಿಲಿಗೆ ಅದು ಪುಡಿಯಾಗುವದೇ ಹೊರತು ಇಲ್ಲದೆ ಹೋಗುವದಿಲ್ಲ. 2015ರ ವರೆಗೆ ಲೋಕದಲ್ಲಿ ಉಂಟಾದ ಪ್ಲಾಸ್ಟಿಕ್ ಕಸವು ಸುಮಾರು 630 ಕೋಟಿ ಟನ್ನೆಂದೂ, ಅದರಲ್ಲಿ ನೂರಕ್ಕೆ ಸುಮಾರು 9 ಪಾಲು ಮಾತ್ರ ಮರುಬಳಕೆಗೆ ಹೋಯಿತೆಂದೂ 2017ರಲ್ಲಿ ಪಂಡಿತರು ಲೆಕ್ಕ ಹಾಕಿದರು.

ಹಾಗಾದರೆ ಪ್ಲಾಸ್ಟಿಕ್ಕನ್ನು ಶಪಿಸಬೇಕೋ? ಬೇಡ. ಬಾವಿಯಿಂದ ನೀರು ಹೊರುವ ತಾಯಂದಿರ ಭಾರವನ್ನು ಅದು ಹಗುರ ಮಾಡಿತು. ಆಸ್ಪತ್ರೆಯಲ್ಲಿ ಅನೇಕರ ಪ್ರಾಣಕ್ಕೆ ನೆರವಾಯಿತು. ಬಹುಕಾಲ ಬಾಳುವ ವಸ್ತುವನ್ನು ಒಂದು ಗಳಿಗೆಗೆ ಬಳಸಿ ಬಿಸಾಡುವದೇ ನಮ್ಮ ದೋಷ. ಆದಕಾರಣ ಮೊದಲು, ಬೇಡದ್ದನ್ನು ಮನೆಗೆ ತಾರದಿರ್ರಿ; ಪೇಟೆಗೆ ಹೋಗುವಾಗ ಬಟ್ಟೆಯ ಚೀಲವನ್ನು ಒಯ್ಯಿರಿ. ಒಂದೇ ಸಾರಿ ಬಳಸುವ ಪ್ಲಾಸ್ಟಿಕ್ ತಟ್ಟೆ ಲೋಟಗಳನ್ನು ಸರಕಾರವು 2022ನೇ ಜುಲೈ 1ರಿಂದ ನಿಷೇಧಿಸಿದೆ. ಸಭೆಯ ಪ್ರೀತಿಭೋಜನದಲ್ಲಿಯೂ ಬೆಳೆಹಬ್ಬದಲ್ಲಿಯೂ ಬಾಳೆಲೆಯೂ ತೊಳೆಯುವ ಲೋಟವೂ ಇರಲಿ. ಎರಡನೆಯದಾಗಿ, ಬಂದದ್ದನ್ನು ತಿರಿಗಿ ಬಳಸಿರಿ. ಮೂರನೆಯದಾಗಿ, ಉಳಿದದ್ದನ್ನು ಹಸಿ ಕಸದಿಂದ ಬೇರ್ಪಡಿಸಿ, ತೊಳೆದು, ಒಣಗಿಸಿ, ಪಂಚಾಯತಿಯ ಗಾಡಿಗಾಗಲಿ ಗುಜರಿಯವನಿಗಾಗಲಿ ಒಪ್ಪಿಸಿರಿ. ನೀರಿನ ಬಾಟಲಿಯನ್ನು ಚೂರುಮಾಡಿ ಕರಗಿಸಿ ನೂಲಾಗಿ ಎಳೆಯುತ್ತಾರೆ. ಗಟ್ಟಿ ಡಬ್ಬಿಯು ಕೊಳವೆಯಾಗಿಯೋ ಬಕೆಟಾಗಿಯೋ ಮರಳಿ ಬರುತ್ತದೆ. ಹಲವು ಪದರಗಳುಳ್ಳ ತಿಂಡಿಯ ಪೊಟ್ಟಣಗಳು ಹೀಗೆ ಸುಲಭವಾಗಿ ಮರಳಿ ಬಾರವು. ಅವುಗಳನ್ನು ಕೊಳ್ಳುವದನ್ನೇ ಕಡಿಮೆಮಾಡಿರಿ. ಅಂಗಳದಲ್ಲಿ ಸುಡಲೇಬೇಡಿರಿ, ಆ ಹೊಗೆಯಲ್ಲಿ ವಿಷವುಂಟು, ಅದನ್ನು ಉಸಿರಾಡುವವರು ನಿಮ್ಮ ಮಕ್ಕಳೇ.

ಇನ್ನೊಂದು ಮಾತನ್ನು ಮರೆಯಬಾರದು. ನಾವು ಕಟ್ಟಿಕೊಟ್ಟ ಕಸವನ್ನು ಎಲ್ಲಿಯೋ ಒಬ್ಬ ಬಡ ಸಹೋದರಿಯು ತನ್ನ ಕೈಯಿಂದ ಬಿಡಿಸುತ್ತಾಳೆ. ಕೊಳೆತ ಅನ್ನದೊಂದಿಗೆ ಒಡೆದ ಗಾಜನ್ನು ಬೆರಸಿ ಕೊಟ್ಟರೆ ಗಾಯವಾಗುವದು ಅವಳ ಬೆರಳಿಗೆ. ನನ್ನ ನೆರೆಯವನು ಯಾರೆಂಬ ಪ್ರಶ್ನೆಗೆ ನಮ್ಮ ಕಸದ ಬುಟ್ಟಿಯೂ ಉತ್ತರ ಕೊಡುತ್ತದೆ. ಅರ್ಧ ಚೊಂಬು ನೀರಿನಿಂದ ಹಾಲಿನ ತೊಟ್ಟೆಯನ್ನು ತೊಳೆಯುವದು ಅಲ್ಪ ಕೆಲಸ. ಅದನ್ನು ಅವಳ ನಿಮಿತ್ತ ಮಾಡಿದರೆ ಅದು ಪ್ರೀತಿಯ ಕೆಲಸ.

ಇಷ್ಟು ದೊಡ್ಡ ಸಮುದ್ರದ ಮುಂದೆ ನಮ್ಮ ಹತ್ತು ಮನೆಗಳ ಒಂದು ಚೀಲವು ಎಷ್ಟರದು ಎಂದು ಮನಸ್ಸು ಕುಂದುತ್ತದೋ? ಅಂದ್ರೆಯನೂ ಆ ಹುಡುಗನ ಬುತ್ತಿಯನ್ನು ನೋಡಿ ಇಂಥ ಸಂದೇಹವನ್ನೇ ಪಟ್ಟನು. ಕರ್ತನು ಆ ಸಂದೇಹಕ್ಕೆ ವಾದದಿಂದ ಉತ್ತರಕೊಡಲಿಲ್ಲ. ಜನರನ್ನು ಕುಳ್ಳಿರಿಸಿ, ಇದ್ದ ಅಷ್ಟನ್ನೇ ತೆಗೆದುಕೊಂಡು ಸ್ತೋತ್ರಮಾಡಿದನು. ಸಮುದ್ರವನ್ನೆಲ್ಲಾ ಶುದ್ಧಮಾಡೆಂದು ಆತನು ನಮ್ಮನ್ನು ಕೇಳುವದಿಲ್ಲ. ನಮ್ಮ ಕೈಯಿಂದ ಮಿಕ್ಕದ್ದು ಎಲ್ಲಿಗೆ ಹೋಯಿತೆಂದು ಕೇಳುವನು. ಆ ದಿನ ಹನ್ನೆರಡು ಪುಟ್ಟಿಗಳು ತುಂಬಿದವು. ಪ್ರತಿ ಸಭೆಯ ಬಾಗಿಲಲ್ಲಿ ಒಂದಾದರೂ ಪುಟ್ಟಿ ಇರಲಿ. ಮಕ್ಕಳು ಅದನ್ನು ತುಂಬಿಸಲಿ, ಹಿರಿಯರು ಅದನ್ನು ಹೊತ್ತು ಒಪ್ಪಿಸಲಿ.

ಕಡಲನ್ನೂ ಒಣನೆಲವನ್ನೂ ಉಂಟುಮಾಡಿದ ದೇವರು ನಮಗೆ ಸ್ವಲ್ಪದರಲ್ಲಿ ನಂಬಿಗಸ್ತರಾಗುವ ಮನಸ್ಸನ್ನು ದಯಪಾಲಿಸಲಿ. ಆಮೆನ್.