ಗೃಹಲಕ್ಷ್ಮಿಯ ಎರಡು ಸಾವಿರ ಮತ್ತು ನಮ್ಮ ಮನೆಯ ಲೆಕ್ಕ

2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ರಾಜ್ಯ ಸರಕಾರವು ಗೃಹಲಕ್ಷ್ಮಿ ಯೋಜನೆಗೆ ಚಾಲನೆ ನೀಡಿತು. ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿಯೆಂದು ನಮೂದಾಗಿರುವ ಮಹಿಳೆಯ ಬ್ಯಾಂಕು ಖಾತೆಗೆ ತಿಂಗಳಿಗೆ 2,000 ರೂಪಾಯಿ, ಅಂದರೆ ವರ್ಷಕ್ಕೆ 24,000. ಹಣವಂತರ ಕಣ್ಣಿಗೆ ಇದು ಅಲ್ಪ ಮೊತ್ತ. ಆದರೆ ಶಿಡ್ಲಘಟ್ಟದಲ್ಲಿ ಬಿಸಿನೀರಿನ ಬೇಸಿನ್ ಮುಂದೆ ಕುಳಿತು ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಸಹೋದರಿಗೆ, ಚಿಂತಾಮಣಿಯ ಮಂಡಿಯಲ್ಲಿ ಟೊಮೆಟೊ ಆರಿಸುವ ತಾಯಿಗೆ, ಗೌರಿಬಿದನೂರಿನಲ್ಲಿ ಮನೆಯ ಹೊಸ್ತಿಲಲ್ಲೇ ಹೊಲಿಗೆ ಯಂತ್ರ ತುಳಿಯುವ ವಿಧವೆಗೆ, ಚಿಕ್ಕಬಳ್ಳಾಪುರದಲ್ಲಿ ಮನೆಗೆಲಸಕ್ಕೆ ಹೋಗುವವರಿಗೆ ಇದು ಅಲ್ಪವಲ್ಲ. ತಮ್ಮದೇ ಹೆಸರಿನಲ್ಲಿ ತಿಂಗಳಿಗೊಮ್ಮೆ ಹಣ ಬರುವುದನ್ನು ಬದುಕಿನಲ್ಲಿ ಮೊದಲ ಬಾರಿಗೆ ಕಂಡವರು ಅವರಲ್ಲಿ ಅನೇಕರು.

ಈ ಹಣವನ್ನು ಏನು ಮಾಡುವಿರಿ ಎಂದು ಕೇಳಿದರೆ ಸಿಗುವ ಉತ್ತರಗಳು ಹಲವು. ಗ್ಯಾಸ್ ಸಿಲಿಂಡರಿಗೆ, ಹಾಲಿನ ಬಾಕಿಗೆ, ಅತ್ತೆಯ ಸಕ್ಕರೆ ಕಾಯಿಲೆಯ ಮಾತ್ರೆಗೆ, ಮಗನ ಶಾಲಾ ಫೀಸಿಗೆ, ಮಗಳ ಮದುವೆಗೆಂದು ಚೀಟಿಗೆ, ಸಂಘದ ಸಾಲದ ಕಂತಿಗೆ, ಈದ್‌ಗೆ ಹೊಸಬಟ್ಟೆಗೆ, ಕಂತಿನ ಮೇಲೆ ತಂದ ಮೊಬೈಲಿಗೆ. ಕೆಲವರು ತುಸು ಹಿಂಜರಿದು, ಈ ಹಣ ನಮಗೆ ಹಲಾಲೇ ಎಂದು ಕೇಳುತ್ತಾರೆ. ಮೊದಲು ಇದಕ್ಕೇ ಉತ್ತರಿಸೋಣ.

ಹಝ್ರತ್ ಉಮರ್(ರ) ಅವರಿಗೆ ಪ್ರವಾದಿವರ್ಯರು(ಸ) ಒಮ್ಮೆ ಸ್ವಲ್ಪ ಧನ ನೀಡಿದರು. ನನಗಿಂತ ಹೆಚ್ಚು ಅಗತ್ಯವುಳ್ಳವರಿಗೆ ಕೊಡಬಾರದೇ ಎಂದು ಅವರು ಕೇಳಿದರು. ಆಸೆಪಟ್ಟು ಕಾಯದೆ, ಬಾಯ್ಬಿಟ್ಟು ಬೇಡದೆ ಇಂತಹ ಧನವು ತಾನಾಗಿ ಬಂದರೆ ಸ್ವೀಕರಿಸಬೇಕು, ಹಾಗಲ್ಲದಿದ್ದರೆ ಅದರ ಬೆನ್ನು ಹತ್ತಬಾರದು ಎಂಬ ಆಶಯದ ಮಾತನ್ನು ಪ್ರವಾದಿವರ್ಯರು(ಸ) ಹೇಳಿದರೆಂದು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ವರದಿಯಾಗಿದೆ. ಸರಕಾರವು ತನ್ನ ಪ್ರಜೆಗಳಿಗೆ ನಿಯಮ ಮಾಡಿ ಕೊಡುವುದನ್ನು ಆ ನಿಯಮಕ್ಕೆ ಒಳಪಟ್ಟವರು ಪಡೆಯುವುದರಲ್ಲಿ ಸಂಕೋಚಪಡಬೇಕಾದುದಿಲ್ಲ. ನಾವು ಕೊಳ್ಳುವ ಸೋಪಿನ ಮೇಲೆ, ಚಪ್ಪಲಿಯ ಮೇಲೆ ತೆರಿಗೆ ಕಟ್ಟುವವರೂ ನಾವೇ ಅಲ್ಲವೇ?

ಆದರೆ ನಿಯಮಕ್ಕೆ ಒಳಪಟ್ಟವರು ಎಂಬ ಮಾತನ್ನು ಮರೆಯಬಾರದು. ಯಜಮಾನಿ ಅಥವಾ ಅವರ ಪತಿ ಆದಾಯ ತೆರಿಗೆ ಪಾವತಿದಾರರಾಗಿದ್ದರೆ, ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾಗಿದ್ದರೆ ಈ ಯೋಜನೆಯಲ್ಲಿ ಅವರಿಗೆ ಪಾಲಿಲ್ಲ. ನಮ್ಮ ಭಾಗದಲ್ಲಿ ನೂಲಿನ ವ್ಯಾಪಾರದಲ್ಲಿರುವ ಎಷ್ಟೋ ಮನೆಗಳಿಗೆ ಇದು ಅನ್ವಯಿಸುತ್ತದೆ. ಅದನ್ನು ಮರೆಮಾಚಿ ಪಡೆದ ಎರಡು ಸಾವಿರವು ತಾನಾಗಿ ಬಂದುದಲ್ಲ, ಸುಳ್ಳು ಹೇಳಿ ತಂದುದು. ಹಾಗೆಯೇ ಒಂದೇ ಒಲೆಯಲ್ಲಿ ಅಡುಗೆ ಮಾಡುತ್ತಾ, ಅತ್ತೆಗೊಂದು ಸೊಸೆಗೊಂದು ಹಣ ಬರಲೆಂದು ಬೇರೆಯಾಗಿದ್ದೇವೆಂದು ಬರೆಸಿ ಕಾರ್ಡು ಮಾಡಿಸುವುದೂ ಸುಳ್ಳು ಸಾಕ್ಷ್ಯವೇ. ನಿಜವಾಗಿ ಬೇರೆಯಾದವರ ಮಾತು ಬೇರೆ.

ಸರಕಾರದ ಖಜಾನೆಯಿಂದ ಮನೆಮನೆಗೆ ಹಣ ಹೋಗುವುದು ಮುಸ್ಲಿಮರಿಗೆ ಹೊಸ ಸಂಗತಿಯೇನಲ್ಲ. ಹಝ್ರತ್ ಉಮರ್(ರ) ಖಲೀಫರಾಗಿದ್ದಾಗ ದೀವಾನ್ ಎಂಬ ದಾಖಲೆ ಪುಸ್ತಕವನ್ನು ಏರ್ಪಡಿಸಿ ಜನರಿಗೆ ವೇತನ ಗೊತ್ತುಮಾಡಿದ್ದರು. ಮೊದಲಲ್ಲಿ ಮೊಲೆಹಾಲು ಬಿಟ್ಟ ಮಕ್ಕಳಿಗೆ ಮಾತ್ರ ಪಾಲು ಸಿಗುತ್ತಿತ್ತು. ಒಂದು ರಾತ್ರಿ ಮದೀನಾಕ್ಕೆ ಬಂದಿದ್ದ ವರ್ತಕರ ತಂಡವೊಂದಕ್ಕೆ ಕಾವಲು ಕಾಯುತ್ತಿದ್ದಾಗ ಮಗುವೊಂದರ ಅಳು ಕೇಳಿಸಿತು. ಹೋಗಿ ತಾಯಿಗೆ ಬುದ್ಧಿ ಹೇಳಿ ಬಂದರು. ಅಳು ನಿಲ್ಲಲಿಲ್ಲ, ಮತ್ತೆ ಹೋದರು. ಕೊನೆಗೆ ಆ ತಾಯಿ, ತನ್ನೊಡನೆ ಮಾತನಾಡುತ್ತಿರುವವರು ಯಾರೆಂದು ಅರಿಯದೆ, ಮಗುವಿಗೆ ಅವಧಿಗೆ ಮುನ್ನವೇ ಹಾಲು ಬಿಡಿಸುತ್ತಿದ್ದೇನೆ, ಏಕೆಂದರೆ ಹಾಲು ಬಿಡದ ಮಗುವಿಗೆ ಉಮರ್ ವೇತನ ಕೊಡುವುದಿಲ್ಲ ಎಂದರು. ಅಂದು ಫಜ್ರ್ ನಮಾಝಿನಲ್ಲಿ ಅವರ ಅಳುವಿನಿಂದಾಗಿ ಪಾರಾಯಣವು ಜನರಿಗೆ ಸ್ಪಷ್ಟವಾಗಿ ಕೇಳಿಸಲಿಲ್ಲ. ನಮಾಝಿನ ನಂತರ, ಇನ್ನು ಮುಂದೆ ಮಕ್ಕಳಿಗೆ ಅವಸರದಿಂದ ಹಾಲು ಬಿಡಿಸಬೇಡಿ, ಹುಟ್ಟಿದ ಪ್ರತಿಯೊಂದು ಶಿಶುವಿಗೂ ಪಾಲು ಇದೆ ಎಂದು ಸಾರಿಸಿದರು.

ಈ ಘಟನೆಯನ್ನು ನಾವು ಸಾಮಾನ್ಯವಾಗಿ ಆಡಳಿತಗಾರರ ಹೊಣೆಗಾರಿಕೆಗೆ ಉದಾಹರಣೆಯಾಗಿ ಹೇಳುತ್ತೇವೆ. ಅದು ಸರಿಯೇ. ಆದರೆ ಆ ತಾಯಿಯ ಕಡೆಯಿಂದಲೂ ನೋಡಬೇಕು. ನಿಯಮ ಹೇಗಿದೆಯೋ ಮನೆ ಹಾಗೆ ಬಾಗುತ್ತದೆ. ಹಣದ ಆಸೆಗೆ ಆಕೆಯ ಮನೆಯಲ್ಲಿ ಮಗುವಿನ ಹಾಲು ನಿಂತಿತ್ತು. ನಮ್ಮ ಮನೆಗಳಲ್ಲಿ ಈ ಎರಡು ಸಾವಿರದಿಂದ ಏನು ಬಂತು, ಏನು ನಿಂತಿತು?

ಅನೇಕ ಮನೆಗಳಲ್ಲಿ ನಿಂತದ್ದು ಗಂಡನ ಕೈ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಸರಕಾರ ಕೊಡುತ್ತಿದೆಯಲ್ಲ, ಇನ್ನು ನನ್ನನ್ನೇಕೆ ಕೇಳುತ್ತೀ ಎನ್ನುವ ಪತಿಯರಿದ್ದಾರೆ. ಮೊದಲು ವಾರಕ್ಕೆ ಐನೂರು ಕೊಡುತ್ತಿದ್ದವರು ಈಗ ಅದನ್ನೂ ಕೊಡುತ್ತಿಲ್ಲ. ಪತ್ನಿಯ ಎಟಿಎಂ ಕಾರ್ಡನ್ನು ತಮ್ಮ ಜೇಬಿನಲ್ಲಿಟ್ಟುಕೊಂಡವರಿದ್ದಾರೆ. ಮೊಬೈಲಿಗೆ ಹಣ ಜಮೆಯಾದ ಸಂದೇಶ ಬಂದ ದಿನ ಮಾತ್ರ ನಗುಮುಖದಿಂದ ಮನೆಗೆ ಬರುವವರೂ ಇದ್ದಾರೆ.

ಸಹೋದರರೇ, ಶರೀಅತ್ತಿನ ನಿಲುವು ಇಲ್ಲಿ ಸುಸ್ಪಷ್ಟ. ಪುರುಷರು ಗಳಿಸಿದ್ದರಲ್ಲಿ ಪುರುಷರಿಗೆ, ಸ್ತ್ರೀಯರು ಗಳಿಸಿದ್ದರಲ್ಲಿ ಸ್ತ್ರೀಯರಿಗೆ ಪಾಲಿದೆ ಎಂದು ಸೂರಃ ಅನ್ನಿಸಾಅ್‌ನ 32ನೇ ಸೂಕ್ತ ತಿಳಿಸುತ್ತದೆ. ಪತ್ನಿಯು ಸ್ವಸಂತೋಷದಿಂದ ಬಿಟ್ಟುಕೊಟ್ಟರಷ್ಟೇ ಮಹ್ರ್‌ನಿಂದಲೂ ಪತಿ ಅನುಭವಿಸಬಹುದು ಎಂದು ಅದೇ ಸೂರಃದ 4ನೇ ಸೂಕ್ತದಲ್ಲಿದೆ. ತಾನೇ ಕೊಟ್ಟ ಮಹ್ರ್‌ನ ಮೇಲೆ ಪತಿಗೆ ಹಕ್ಕಿಲ್ಲವೆಂದ ಮೇಲೆ, ಸರಕಾರ ಆಕೆಯ ಹೆಸರಿಗೆ ಕೊಟ್ಟದ್ದರ ಮೇಲೆ ಹಕ್ಕು ಎಲ್ಲಿಂದ ಬರಬೇಕು? ಪತ್ನಿ ಮಕ್ಕಳ ಅನ್ನ, ವಸ್ತ್ರ, ವಸತಿಯ ಭಾರ ಪತಿಯ ಮೇಲಿದೆ. ಪತ್ನಿ ಲಕ್ಷಾಧೀಶ್ವರಿಯಾದರೂ ಈ ಭಾರ ಇಳಿಯುವುದಿಲ್ಲ. ಎರಡು ಸಾವಿರಕ್ಕೆ ಇಳಿಯುವುದುಂಟೇ?

ಹಾಗಾದರೆ ಪತ್ನಿ ಈ ಹಣವನ್ನು ಮನೆಗೆ ಖರ್ಚು ಮಾಡಲೇಬಾರದೇ? ಖಂಡಿತ ಮಾಡಬಹುದು. ಹಝ್ರತ್ ಅಬ್ದುಲ್ಲಾ ಬಿನ್ ಮಸ್‌ಊದ್(ರ) ಅವರ ಪತ್ನಿ ಝೈನಬ್(ರ) ತಮ್ಮ ಧನವನ್ನು ಬಡವನಾದ ಪತಿಗೂ ತಮ್ಮ ಆಶ್ರಯದಲ್ಲಿದ್ದ ಅನಾಥ ಮಕ್ಕಳಿಗೂ ಕೊಟ್ಟರೆ ಅದು ದಾನವಾಗುವುದೇ ಎಂದು ಪ್ರವಾದಿವರ್ಯರ(ಸ) ಮನೆಬಾಗಿಲಿಗೆ ಹೋಗಿ ಹ.ಬಿಲಾಲ್(ರ)ರ ಮೂಲಕ ಕೇಳಿಸಿದರು. ಅವರಿಗೆ ಎರಡು ಪ್ರತಿಫಲಗಳಿವೆ, ಒಂದು ಸಂಬಂಧ ಜೋಡಿಸಿದ್ದಕ್ಕೆ, ಇನ್ನೊಂದು ದಾನಕ್ಕೆ ಎಂಬ ಉತ್ತರ ಬಂತು. ಗಮನಿಸಿ, ಅದು ದಾನವಾಯಿತು. ದಾನ ಎಂದರೆ ಕೊಡುವವರ ಇಷ್ಟ. ಪಡೆಯುವವನು ಕೃತಜ್ಞನಾಗಿರಬೇಕೇ ಹೊರತು ವಸೂಲಿಗೆ ನಿಲ್ಲಬಾರದು. ಪತ್ನಿ ತನ್ನ ಹಣದಿಂದ ಗ್ಯಾಸ್ ತರಿಸಿದ ದಿನ ಪತಿಯು ಒಂದು ಒಳ್ಳೆಯ ಮಾತನ್ನಾದರೂ ಆಡಲಿ.

ಕೂಡುಕುಟುಂಬದ ಪ್ರಶ್ನೆ ಸ್ವಲ್ಪ ಸೂಕ್ಷ್ಮವಾದದ್ದು. ಮನೆಗೊಬ್ಬರೇ ಯಜಮಾನಿ, ಹೆಚ್ಚಾಗಿ ಅತ್ತೆ. ಮನೆ ನಡೆಸುವವರೆಂಬ ನೆಲೆಯಲ್ಲಿ ಅವರಿಗೆ ಕೊಡಲಾಗಿದೆ. ಹಣ ಕಾನೂನಿನಂತೆ ಅವರದೇ. ಆದರೆ ಯಾವ ಉದ್ದೇಶಕ್ಕೆ ಬಂದಿದೆಯೋ ಅದನ್ನು ಮರೆತು, ಸೊಸೆಯ ಮಗುವಿಗೆ ಜ್ವರ ಬಂದಾಗ ಪೆಟ್ಟಿಗೆಯ ಬೀಗ ತೆಗೆಯದೆ, ಊರಲ್ಲಿರುವ ಮಗಳಿಗೆ ಮಾತ್ರ ಕಳಿಸುತ್ತಿದ್ದರೆ ಅದು ನ್ಯಾಯವೆನ್ನಲಾಗದು. ಸೊಸೆಯೂ ಅಷ್ಟೇ. ವಯಸ್ಸಾದವರು ತಮ್ಮ ಔಷಧಿಗೂ ಮೊಮ್ಮಕ್ಕಳ ಕೈಗೆ ಕೊಡುವ ಹತ್ತು ರೂಪಾಯಿಗೂ ಮಗನ ಮುಖ ನೋಡಬೇಕಾಗಿದ್ದ ಕಾಲ ಕಳೆಯಿತೆಂದು ಸಂತೋಷಪಡಬೇಕು. 2024ರಲ್ಲಿ ಗದಗ ಜಿಲ್ಲೆಯ ಗಜೇಂದ್ರಗಡದ ಒಂದು ಮುಸ್ಲಿಮ್ ಕುಟುಂಬದಲ್ಲಿ ಅತ್ತೆ ಸೊಸೆ ಇಬ್ಬರೂ ಗೃಹಲಕ್ಷ್ಮಿಯ ಹಣ ಕೂಡಿಸಿ ಹೊಲದಲ್ಲಿ ಕೊಳವೆಬಾವಿ ಕೊರೆಸಿ ನೀರು ಕಂಡ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಅತ್ತೆ ಸೊಸೆ ಜಗಳವಾಡಿದರೆ ಮಾತ್ರ ಸುದ್ದಿ ಎಂದುಕೊಂಡಿದ್ದ ನಮಗೆ ಅದು ಒಳ್ಳೆಯ ಸುದ್ದಿಯೇ.

ಇನ್ನು ಖರ್ಚಿನ ವಿಷಯ. ಯಾವುದು ಮೊದಲು? ನನ್ನ ಅಭಿಪ್ರಾಯದಲ್ಲಿ ಬಡ್ಡಿ ಸಾಲವಿರುವ ಮನೆಯಲ್ಲಿ ಹೊಟ್ಟೆಯ ನಂತರದ ಮೊದಲ ಖರ್ಚು ಆ ಸಾಲದ ತೀರಿಕೆಯೇ. ಈ ನಾಲ್ಕೂ ಊರುಗಳ ನಮ್ಮ ಮೊಹಲ್ಲಾಗಳಲ್ಲಿ ವಾರದ ಕಂತಿನ ಗುಂಪು ಸಾಲ ಹೊಕ್ಕದ ಬೀದಿ ವಿರಳ. ಒಂದನ್ನು ತೀರಿಸಲು ಇನ್ನೊಂದು, ಅದಕ್ಕೆ ಮತ್ತೊಂದು. ಒಬ್ಬಾಕೆ ಕಟ್ಟದಿದ್ದರೆ ಉಳಿದವರು ಆಕೆಯ ಬಾಗಿಲಲ್ಲಿ ಕುಳಿತುಕೊಳ್ಳುವುದು. ಬಲವಂತದ ವಸೂಲಿಯನ್ನು ತಡೆಯಲು ರಾಜ್ಯ ಸರಕಾರವು 2025ರಲ್ಲಿ ಸುಗ್ರೀವಾಜ್ಞೆಯನ್ನೂ ಬಳಿಕ ಕಾನೂನನ್ನೂ ತಂದಿತೆಂದರೆ ಪರಿಸ್ಥಿತಿ ಎಷ್ಟು ಹದಗೆಟ್ಟಿತ್ತೆಂದು ಊಹಿಸಬಹುದು. ಕಾನೂನು ಬಾಗಿಲಲ್ಲಿ ಕೂರುವುದನ್ನು ತಡೆದೀತು, ಬಡ್ಡಿಯನ್ನು ಹಲಾಲ್ ಮಾಡದು. ಬಡ್ಡಿಯನ್ನು ಬಿಡದವರ ವಿರುದ್ಧ ಅಲ್ಲಾಹ್ ಮತ್ತು ಅವನ ರಸೂಲರ ಕಡೆಯಿಂದ ಯುದ್ಧ ಘೋಷಣೆಯಿದೆ ಎಂದು ಅಲ್‌ಬಕರಃದ 279ನೇ ಸೂಕ್ತ ಎಚ್ಚರಿಸುತ್ತದೆ.

ಪ್ರವಾದಿವರ್ಯರು(ಸ) ನಮಾಝಿನಲ್ಲಿ ಸಾಲದಿಂದ ಅಲ್ಲಾಹನ ಅಭಯ ಬೇಡುತ್ತಿದ್ದರು. ಇಷ್ಟೊಂದು ಬೇಡುವುದೇಕೆ ಎಂದು ಕೇಳಿದಾಗ, ಸಾಲಗಾರನು ಮಾತಾಡಿದರೆ ಸುಳ್ಳಾಡುತ್ತಾನೆ, ಮಾತು ಕೊಟ್ಟರೆ ತಪ್ಪುತ್ತಾನೆ ಎಂಬ ಕಾರಣವನ್ನು ತಿಳಿಸಿದರು. ಬಾಗಿಲಿಗೆ ಕಂತಿನವರು ಬಂದಾಗ, ಅಮ್ಮಿ ಮನೆಯಲ್ಲಿಲ್ಲ ಎಂದು ಹೇಳಲು ಮಗುವನ್ನು ಕಳಿಸುವ ಮನೆಗಳಿವೆ. ಆ ಮಗು ಸುಳ್ಳು ಹೇಳಲು ಕಲಿತದ್ದು ಅಲ್ಲಿಯೇ.

ಇದೇ ಕಾರಣಕ್ಕೆ ಗೃಹಲಕ್ಷ್ಮಿಯ ಹಣವನ್ನು ನಂಬಿ ಹೊಸ ಕಂತು ಆರಂಭಿಸುವುದು ಅವಿವೇಕ. ಈ ಹಣ ಪ್ರತಿ ತಿಂಗಳೂ ತಪ್ಪದೆ ಬಂದಿಲ್ಲವೆಂಬುದು ಎಲ್ಲರ ಅನುಭವ. ಎರಡು ಮೂರು ತಿಂಗಳು ಬಾರದೆ, ಆಮೇಲೆ ಒಟ್ಟಿಗೆ ಬಂದದ್ದುಂಟು. ಮೊಬೈಲಿನ ಕಂತು ಮಾತ್ರ ತಿಂಗಳ ಅದೇ ತಾರೀಕಿಗೆ ಬಂದು ನಿಲ್ಲುತ್ತದೆ. ನೀಡುವುದೂ ನಿಲ್ಲಿಸುವುದೂ ಸರಕಾರದ ಕೈಯಲ್ಲಿದೆ. 2023ರ ಜುಲೈಯಿಂದ ಅನ್ನಭಾಗ್ಯದ ಹೆಚ್ಚುವರಿ 5 ಕೆ.ಜಿ. ಅಕ್ಕಿಯ ಬದಲಿಗೆ ತಲೆಗೆ 170 ರೂಪಾಯಿ ಕೊಡುತ್ತಿದ್ದರು. 2025ರಲ್ಲಿ ಹಣ ನಿಂತು ಅಕ್ಕಿ ಬಂತು. ಇದ್ದಾಗ ಉಪಯೋಗಿಸಿಕೊಳ್ಳಬೇಕು, ಇಲ್ಲದಾಗ ಕುಸಿಯದಂತೆ ಇರಬೇಕು.

ಚೀಟಿಯ ಬಗ್ಗೆ ಸಹೋದರಿಯರು ಹೆಚ್ಚಾಗಿ ಕೇಳುತ್ತಾರೆ. ಹತ್ತು ಜನ ಸೇರಿ ತಿಂಗಳಿಗೆ ಸಾವಿರದಂತೆ ಹಾಕಿ, ಸರದಿಯಂತೆ ಒಬ್ಬೊಬ್ಬರು ಪೂರ್ತಿ ಹತ್ತು ಸಾವಿರವನ್ನು ಪಡೆಯುವುದಾದರೆ ಅದು ಪರಸ್ಪರ ಸಹಾಯ, ತೊಂದರೆಯಿಲ್ಲ. ಆದರೆ ಅವಸರವಿದ್ದವರು ಹರಾಜು ಕೂಗಿ ಎಂಟು ಸಾವಿರಕ್ಕೆ ಇಳಿದು, ಉಳಿದ ಎರಡು ಸಾವಿರವನ್ನು ಇತರರು ಹಂಚಿಕೊಳ್ಳುವ ಚೀಟಿಯಲ್ಲಿ ಬಡ್ಡಿಯ ಅಂಶ ಸೇರಿಕೊಳ್ಳುತ್ತದೆ. ಒಬ್ಬರ ಕಷ್ಟವು ಇನ್ನೊಬ್ಬರಿಗೆ ಲಾಭವಾಗುತ್ತದೆ. ಸರದಿ ಚೀಟಿಯನ್ನೇ ನಡೆಸಿ, ಯಾರ ಮನೆಯಲ್ಲಿ ಆಪರೇಶನ್ ಇದೆಯೋ ಯಾರ ಮಗಳ ನಿಕಾಹ್ ಇದೆಯೋ ಅವರಿಗೆ ಮೊದಲ ಸರದಿ ಬಿಟ್ಟುಕೊಡುವ ಹೆಂಗಸರೂ ನಮ್ಮಲ್ಲಿದ್ದಾರೆ. ಓದು ಬರಹ ಬಾರದ ಅವರಿಗೆ ಇದನ್ನು ಯಾವ ಆಲಿಮರೂ ಹೇಳಿಕೊಟ್ಟಿರಲಿಕ್ಕಿಲ್ಲ.

ನಿಕಾಹ್ ಎಂದಾಗ ಇನ್ನೊಂದು ಮಾತು. ಎರಡೆರಡು ಸಾವಿರವಾಗಿ ಕೂಡಿಟ್ಟ ಎರಡು ವರ್ಷದ ಹಣವನ್ನು ವರನಿಗೆ ಬೈಕು ಕೊಡಿಸಲು ಎಣಿಸುವ ತಾಯಂದಿರನ್ನು ಕಂಡಾಗ ಮನಸ್ಸು ಕುದಿಯುತ್ತದೆ. ತಾಯಿಯ ಮೇಲಲ್ಲ, ಪಡೆಯುವವನ ಮೇಲೆ. ಕೊಡಬೇಕಾದವನು ಅವನು. ಅದೇ ಹಣದಲ್ಲಿ ಮಗಳಿಗೊಂದು ಹೊಲಿಗೆ ಯಂತ್ರ ಬರುತ್ತದೆ, ಪಿಯುಸಿ ಮುಗಿದವಳಿಗೆ ಕಾಲೇಜಿನ ಫೀಸಾಗುತ್ತದೆ. ಸರಕಾರಿ ಬಸ್ಸಿನಲ್ಲಿ 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಟಿಕೆಟಿನ ಹಣವೂ ಬೇಕಾಗಲಿಲ್ಲ. ಆ ಬಸ್ಸಿನಲ್ಲಿ ಮುರುಗಮಲ್ಲಕ್ಕೆ ಹೋಗಿ ಬರುವ ನಾವು ಮಗಳನ್ನು ಚಿಂತಾಮಣಿಯ ಕಾಲೇಜಿಗೆ ಕಳಿಸಲು ದೂರವೆನ್ನುತ್ತೇವೆ!

ದಾನದ ವಿಷಯದಲ್ಲಿ ಉತ್ಸಾಹದಿಂದ ಎಲ್ಲವನ್ನೂ ಕೊಟ್ಟುಬಿಡುವ ಸಹೋದರಿಯರೂ ಇದ್ದಾರೆ. ಹಝ್ರತ್ ಆಯಿಶಾ(ರ) ಅವರಿಗೆ ಒಮ್ಮೆ ಲಕ್ಷದಷ್ಟು ದಿರ್ಹಮ್‌ಗಳು ಬಂದಾಗ ಸಂಜೆಯೊಳಗೆ ಹಂಚಿ ಮುಗಿಸಿದ್ದರು. ಅಂದು ಅವರಿಗೆ ಉಪವಾಸ. ಒಂದು ದಿರ್ಹಮಿನ ಮಾಂಸವನ್ನಾದರೂ ಇಫ್ತಾರ್‌ಗೆ ಕೊಳ್ಳಬಾರದಿತ್ತೇ ಎಂದು ಸೇವಕಿ ಕೇಳಿದಾಗ, ನೆನಪಿಸಿದ್ದರೆ ಹಾಗೆ ಮಾಡುತ್ತಿದ್ದೆ ಎಂದರಂತೆ. ಅದು ಅವರ ಸ್ಥಾನ. ನಮ್ಮಂಥವರಿಗೆ ಬನೀ ಇಸ್ರಾಈಲ್ ಸೂರಃದ 29ನೇ ಸೂಕ್ತದ ಮಾರ್ಗವೇ ಲೇಸು. ಕೈಯನ್ನು ಕೊರಳಿಗೆ ಬಿಗಿದುಕೊಳ್ಳಲೂಬಾರದು, ಪೂರ್ತಿ ಚಾಚಿ ಆಮೇಲೆ ಪರಿತಪಿಸಲೂಬಾರದು. ಪಕ್ಕದ ಮನೆಯ ವಿಧವೆಗೆ ಬೆರಳಚ್ಚು ಹೊಂದದೆಯೋ ಆಧಾರ್ ಜೋಡಣೆಯಾಗದೆಯೋ ಹಣ ಬಂದಿರುವುದಿಲ್ಲ. ನಮಗೆ ಬಂದ ತಿಂಗಳು ಆಕೆಯ ಮನೆಗೆ ನೂರು ರೂಪಾಯಿಯ ಬೇಳೆ ಕಳಿಸಬಹುದು. ಅದಕ್ಕಿಂತ ಮಿಗಿಲಾಗಿ, ಓದು ಬಲ್ಲ ಮಗನನ್ನು ಆಕೆಯೊಡನೆ ಬ್ಯಾಂಕಿಗೂ ಕಚೇರಿಗೂ ಕಳಿಸಬಹುದು.

ಕೊನೆಯದಾಗಿ ಝಕಾತ್. ಖರ್ಚಾಗದೆ ಉಳಿದ ಗೃಹಲಕ್ಷ್ಮಿ ಹಣವನ್ನು ಬೇರೆ ಉಳಿತಾಯದೊಡನೆ, ಹನಫೀ ಮದ್‌ಹಬ್‌ನಂತೆ ಒಡವೆಯೊಡನೆಯೂ ಕೂಡಿಸಿ ಲೆಕ್ಕ ಹಾಕಬೇಕು. ಒಟ್ಟು ಮೊತ್ತ 612 ಗ್ರಾಮ್ ಬೆಳ್ಳಿಯ ಅಂದಿನ ಬೆಲೆಗೆ ಮುಟ್ಟಿದ್ದು, ಚಾಂದ್ರಮಾನದ ಒಂದು ವರ್ಷ ತುಂಬಿದರೆ ನೂರಕ್ಕೆ ಎರಡೂವರೆಯಂತೆ ಝಕಾತ್ ಕಡ್ಡಾಯವಾಗುತ್ತದೆ. ತುಂಬಬೇಕಾದ ಸಾಲವನ್ನು ಮೊದಲು ಕಳೆಯಬೇಕು. ಈ ಝಕಾತ್ ಪತ್ನಿಯ ಮೇಲಿನದು, ಪತಿಯ ಮೇಲಿನದಲ್ಲ. ಪತಿ ಆಕೆಯ ಒಪ್ಪಿಗೆಯಿಂದ ಕೊಟ್ಟರೆ ಸಲ್ಲುತ್ತದೆ. ಖಾತೆಯಲ್ಲಿ ಹಣ ಉಳಿದಾಗ ಬ್ಯಾಂಕು ಮೂರು ತಿಂಗಳಿಗೊಮ್ಮೆ ಬಡ್ಡಿ ಜಮಾ ಮಾಡುತ್ತದೆ. ಪಾಸ್‌ಬುಕ್ ಎಂಟ್ರಿ ಮಾಡಿಸಿ ಅದೆಷ್ಟೆಂದು ನೋಡಿ, ಆ ಇಪ್ಪತ್ತೋ ಮೂವತ್ತೋ ರೂಪಾಯಿಯನ್ನು ಪುಣ್ಯದ ಆಸೆಯಿಲ್ಲದೆ ಯಾರಾದರೂ ಬಡವರಿಗೆ ಕೊಟ್ಟುಬಿಡಬೇಕು. ಅದನ್ನು ಝಕಾತಿನ ಲೆಕ್ಕಕ್ಕೆ ಸೇರಿಸಬಾರದು.