ಅನುದಾನದ ಹಣ ಮತ್ತು ಲೆಕ್ಕದ ಧರ್ಮ

ಸದುದ್ದೇಶದಿಂದ ಸೇವೆ ಮಾಡುವವನು ಅನ್ಯರಿಗೆ ಲೆಕ್ಕ ಒಪ್ಪಿಸಬೇಕೆ? ಸರ್ಕಾರದ ತಪಾಸಣೆಯು ಸೇವಾನಿಷ್ಠರ ಮೇಲಿನ ಅಪನಂಬಿಕೆಯಲ್ಲವೆ? ವ್ಯಸನಮುಕ್ತಿ ಕೇಂದ್ರಗಳ ನಿದರ್ಶನದಿಂದ ಈ ಪ್ರಶ್ನೆಯನ್ನು ವಿಚಾರ ಮಾಡಬಹುದು.

ಆರೋಗ್ಯಕ್ಕೆ ಹಾನಿಕರವಾದ ಮಾದಕ ಪೇಯ ಹಾಗೂ ಪದಾರ್ಥಗಳ ಸೇವನೆಯನ್ನು ನಿಷೇಧಿಸಲು ರಾಜ್ಯವು ಪ್ರಯತ್ನಿಸಬೇಕೆಂದು ಸಂವಿಧಾನದ 47ನೆಯ ವಿಧಿ ಹೇಳುತ್ತದೆ. ವ್ಯಸನನಿವಾರಣೆಗಾಗಿ ಕೇಂದ್ರ ಸರ್ಕಾರವು 1985-86ರಲ್ಲಿ ಆರಂಭಿಸಿದ ಯೋಜನೆಯ ಮೂಲಕ ಸ್ವಯಂಸೇವಾ ಸಂಸ್ಥೆಗಳಿಗೆ ಸಹಾಯಾನುದಾನ ನೀಡುತ್ತ ಬಂದಿತು. ಆದರೂ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯವ್ಯಸನಕ್ಕೆ ಸಿಲುಕಿದ 38 ಮಂದಿಯಲ್ಲಿ ಸುಮಾರು ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿತ್ತು. ಚಿಕಿತ್ಸೆ ಇಷ್ಟು ವಿರಳವಾಗಿರುವಲ್ಲಿ 15 ಹಾಸಿಗೆಗಳ ಕೇಂದ್ರವೊಂದು 8 ರೋಗಿಗಳನ್ನು ಇರಿಸಿಕೊಂಡು ಪುಸ್ತಕದಲ್ಲಿ 15 ಹೆಸರು ಬರೆದರೆ, ಅಪಹೃತವಾಗುವುದು ಕೇವಲ ಹಣವಲ್ಲ. ಏಳು ಮನೆಗಳಿಗೆ ದೊರೆಯಬೇಕಾಗಿದ್ದ ಆಸರೆ.

2017ರ ಸಾಮಾನ್ಯ ಹಣಕಾಸು ನಿಯಮಗಳಂತೆ, ಅನುದಾನ ಪಡೆದ ಸಂಸ್ಥೆಯು ಹಣಕಾಸು ವರ್ಷ ಮುಗಿದ 12 ತಿಂಗಳೊಳಗೆ ಹಣಬಳಕೆಯ ಪ್ರಮಾಣಪತ್ರ ಸಲ್ಲಿಸಬೇಕು. ಲೆಕ್ಕಪುಸ್ತಕಗಳನ್ನು ಪರಿಶೀಲನೆಗೆ ತೆರೆದಿಡಬೇಕು. ಮುಂಗಡವಾಗಿ ಬಂದ ಅನುದಾನದ ಮೇಲೆ ದೊರೆತ ಬಡ್ಡಿಯನ್ನೂ ಸರ್ಕಾರಕ್ಕೆ ಮರಳಿಸಬೇಕು. ಈ ಕಡೆಯ ನಿಯಮದಲ್ಲಿ ಸೂಕ್ಷ್ಮವಾದ ನೀತಿಯಿದೆ. ಕೈಯಲ್ಲಿರುವ ಮಾತ್ರಕ್ಕೆ ಹಣವು ತನ್ನದಾಗದು. ಅದರ ಫಲವೂ ತನ್ನದಲ್ಲ.

ಆದರೆ ಪರೀಕ್ಷಿಸುವವನಿಗೂ ಧರ್ಮವುಂಟು. ಕಡತವು ಕಚೇರಿಯಲ್ಲಿ ತಡೆದು ಅನುದಾನದ ಕಂತು ವಿಳಂಬವಾದರೆ, ಆಪ್ತಸಮಾಲೋಚಕರು ಸಂಬಳವಿಲ್ಲದೆ ಕೆಲಸ ಬಿಡುವರು. ಅರ್ಧ ಚಿಕಿತ್ಸೆಯಲ್ಲಿರುವ ರೋಗಿ ಮತ್ತೆ ಹೆಂಡದಂಗಡಿಯ ದಾರಿ ಹಿಡಿಯುವನು. ಗುಣವಾದವರ ಸಂಖ್ಯೆಯೊಂದನ್ನೇ ಅಳತೆಗೋಲಾಗಿಸಿದರೆ, ಕೇಂದ್ರಗಳು ಕಠಿಣ ವ್ಯಸನಿಗಳನ್ನು ಬಾಗಿಲಲ್ಲೇ ತಿರುಗಿಸಿ ಕಳುಹಿಸಬಹುದು. ರೋಗಿಯ ಮಾನವನ್ನೂ ಕಾಯಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಹಾಗೂ ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಒಳಗೊಂಡು, ಅಂಥವರಿಗೆ ಗೋಪ್ಯತೆಯ ಹಕ್ಕನ್ನು ಕೊಟ್ಟಿದೆ. ಹಾಸಿಗೆ ಎಣಿಸಲು ಬಂದವನು ಮಲಗಿದ್ದವನ ಹೆಸರನ್ನು ಊರಿಗೆ ಹೇಳಕೂಡದು.

ಆದ್ದರಿಂದ ಲೆಕ್ಕ ಕೇಳುವುದು ಅಪಮಾನವಲ್ಲ, ಲೆಕ್ಕ ಕೊಡುವುದು ಕೃಪೆಯೂ ಅಲ್ಲ. ಕೇಳುವವನೂ ಕೊಡುವವನೂ ಮೂರನೆಯವನೊಬ್ಬನಿಗೆ, ಎಂದರೆ ಆ ಹಾಸಿಗೆಯ ಮೇಲಿರುವ ದುರ್ಬಲನಿಗೆ, ಋಣಿಗಳು. ಪರರ ಹಣವನ್ನು ಸತ್ಕಾರ್ಯಕ್ಕೆ ವಿನಿಯೋಗಿಸುವ ದೇವಾಲಯ, ದತ್ತಿಗಳ ಆಡಳಿತಕ್ಕೂ ಈ ಮಾತು ಸಲ್ಲುತ್ತದೆ.